ಕೊನೇತನಕ ಮೇಡಂ

ಬಸ್ ಡಿಪೋದ ಹಿಂಬದಿಯಲ್ಲಿ, ಸವೆದ ಟೈರುಗಳ ರಾಶಿ ದಾಟಿದರೆ, ಕಬ್ಬಿಣದ ಜಾಲರಿಯ ಒಂದು ಕಿಟಕಿ ಇದೆ. ಜನ ಬಸ್ಸಿನಲ್ಲಿ ಮರೆತು ಇಳಿದ ಸಾಮಾನೆಲ್ಲ ಕೊನೆಗೆ ಬಂದು ಸೇರುವುದು ಅಲ್ಲಿಗೆ. ಕೊಡೆ, ಊಟದ ಡಬ್ಬಿ, ಒಂಟಿ ಚಪ್ಪಲಿ, ಎಕ್ಸ್‌ರೇ ಕವರು, ಒಮ್ಮೆ ಯಾರದೋ ಹಲ್ಲಿನ ಸೆಟ್ಟು. ಆ ಕಿಟಕಿಯ ಒಳಗೆ ಇಪ್ಪತ್ತಾರು ವರ್ಷದಿಂದ ಕೂತಿರುವ ಹೆಂಗಸು ಪ್ರತಿಯೊಂದಕ್ಕೂ ಚೀಟಿ ಕಟ್ಟಿ, ತಾರೀಖು ಬರೆದು, ಕಪಾಟಿನಲ್ಲಿ ಸಾಲಾಗಿ ಇಡುತ್ತಾಳೆ. ಹಲ್ಲಿನ ಸೆಟ್ಟಿಗೂ ಚೀಟಿ ಕಟ್ಟಿದ್ದಳು. ಹೇಗೆ ಕಟ್ಟಿದಳು ಎಂದು ಕೇಳಬೇಡಿ. ಮಳೆಗಾಲದಲ್ಲಿ ದಿನಕ್ಕೆ ಮೂವತ್ತು ಕೊಡೆ ಬರುವುದರಿಂದ ಡಿಪೋದವರ ಬಾಯಲ್ಲಿ ಅವಳು ಕೊಡೆ ಅಕ್ಕ. ಅಕ್ಕ ಪೇಪರಿನಲ್ಲಿ ಏನೋ ಬರೆಯುತ್ತಾಳೆ ಎಂಬುದು ಅವರಿಗೆ ಗೊತ್ತು. ಏನು ಎಂದು ಕೇಳುವ ಗೋಜಿಗೆ ಯಾರೂ ಹೋಗಿಲ್ಲ.

ಅವಳು ಬರೆಯುವುದು ವಿಡಿಯೋ ಗೇಮುಗಳ ವಿಮರ್ಶೆ. ನಂಬಲಿಕ್ಕೆ ಕಷ್ಟ, ನಲವತ್ತೊಂಬತ್ತರ ಹೆಂಗಸು, ಕುತ್ತಿಗೆಗೆ ದಾರ ಕಟ್ಟಿದ ಕನ್ನಡಕ, ಕೈಯಲ್ಲಿ ಬಟ್ಟೆ ಚೀಲ. ಆದರೆ ಗೇಮುಗಳ ಹುಚ್ಚು ಹತ್ತಿಸಿಕೊಂಡ ಮಕ್ಕಳೂ, ಮಕ್ಕಳ ವಯಸ್ಸು ದಾಟಿ ಎಷ್ಟೋ ಕಾಲವಾದರೂ ಹುಚ್ಚು ಬಿಡದವರೂ ಅವಳ ಮಾತಿಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಾರೆ. ಅವರು ಇಟ್ಟ ಹೆಸರು ಬೇರೆ: ಕೊನೇತನಕ ಮೇಡಂ.

ಇದೆಲ್ಲ ಶುರುವಾದದ್ದೂ ಆ ಕಿಟಕಿಯಲ್ಲೇ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಯಾವುದೋ ಬಸ್ಸಿನ ಸೀಟಿನಡಿ ಅಂಗೈಯಗಲದ ಗೇಮ್ ಮಷೀನು ಸಿಕ್ಕಿತು. ಆರು ತಿಂಗಳು ಯಾರೂ ಕೇಳಿಕೊಂಡು ಬಾರದ ಸಾಮಾನನ್ನು ಡಿಪೋದವರು ತಾವೇ ಇಟ್ಟುಕೊಳ್ಳಬಹುದು ಎಂಬುದು ನಿಯಮ. ಕೊಡೆಗೆ ಮುಗಿಬೀಳುವ ಗಂಡಸರಿಗೆ ಆ ಆಟಿಕೆ ಬೇಡವಾಗಿತ್ತು. ಅವಳು ಮನೆಗೆ ತಂದಳು. ಆಡಿದಳು. ಒಂದು ವರ್ಷವಾದ ಮೇಲೆ ಪೇಪರಿನಲ್ಲಿ ಯಾವನೋ ಒಂದು ಆಟದ ಬಗ್ಗೆ ತಲೆಬುಡವಿಲ್ಲದೆ ಬರೆದದ್ದು ಓದಿ ಮೈ ಉರಿದು, ಎರಡು ಪುಟದ ಪತ್ರ ಗೀಚಿ ಕಳಿಸಿದಳು. ಸಂಪಾದಕರು ಪತ್ರ ಓದಿ ಅವನನ್ನು ಬಿಡಿಸಿ ಇವಳನ್ನು ಹಾಕಿಕೊಂಡರು.

ಅವಳ ಬರಹಕ್ಕೆ ಒಂದು ಗುರುತಿದೆ. ಸಿನಿಮಾದಲ್ಲಿ ಇದ್ದಂತೆ ಆಟದ ಕೊನೆಯಲ್ಲೂ ಅದನ್ನು ಮಾಡಿದವರ ಹೆಸರುಗಳು ಪರದೆಯ ಮೇಲೆ ಉರುಳುತ್ತವೆ. ಯಾರೂ ನೋಡುವುದಿಲ್ಲ, ಹೆಸರು ಬಂತೆಂದರೆ ಆಟ ಮುಗಿಯಿತೆಂದು ಎದ್ದು ಹೋಗುತ್ತಾರೆ. ಅವಳು ಏಳುವುದಿಲ್ಲ. ಕೊನೆಯ ಹೆಸರು ಹೋಗುವತನಕ ಕೂತು, ಒಂದೊಂದನ್ನೇ ಎಣಿಸಿ, ವಿಮರ್ಶೆಯ ಕೆಳಗೆ ಬರೆಯುತ್ತಾಳೆ: ಹೆಸರು 412. ಹೆಸರು 1,906. ಹೆಸರು 38. ದೂರದ ಯಾವುದೋ ಕಟ್ಟಡದಲ್ಲಿ ಕೂತು ಆಟದೊಳಗಿನ ಹುಲ್ಲಿನ ಚಿತ್ರ ಬರೆದವರು, ಬಾಗಿಲು ಕಿರುಗುಟ್ಟುವ ಸದ್ದು ಹಿಡಿದವರು ಅವಳಿಗೆ ಪತ್ರ ಬರೆದು, ನಮ್ಮನ್ನು ಎಣಿಸಿದವರು ನೀವೊಬ್ಬರೇ ಎಂದಿದ್ದಾರೆ. ಕೊನೇತನಕ ಎಂಬ ಹೆಸರು ಬಂದದ್ದು ಹೀಗೆ.

ಈ ಅಭ್ಯಾಸ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ಅವಳ ಹತ್ತಿರ ಒಂದು ಚಂದದ ಉತ್ತರವೂ ಇತ್ತು. "ನಮ್ಮಪ್ಪ ಸಿನಿಮಾ ಥಿಯೇಟರಿನಲ್ಲಿ ಮಷೀನ್ ಓಡಿಸ್ತಿದ್ರು. ಕೆಲಸ ಮಾಡಿದವರ ಹೆಸರು ಹೋಗೋತನಕ ಏಳಬಾರದು ಅಂತ ನನ್ನನ್ನ ಪಕ್ಕದಲ್ಲಿ ಕೂರಿಸ್ಕೊಳ್ತಿದ್ರು." ಕೇಳಿದವರ ಕಣ್ಣು ತೇವವಾಗುತ್ತಿತ್ತು. ಉತ್ತರದಲ್ಲಿ ಇದ್ದ ಒಂದೇ ದೋಷವೆಂದರೆ ಅದು ಹಸಿ ಸುಳ್ಳು.

ನಿಜ ಇದು. ಒಂಬತ್ತು ವರ್ಷದ ಹಿಂದೆ ಅವಳೂ ಎಲ್ಲರಂತೆ ಹೆಸರು ಬಂದೊಡನೆ ಏಳುತ್ತಿದ್ದಳು. ಆಗ 'ಹನ್ನೊಂದು ಗಡಿಯಾರ' ಎಂಬ ಒಂದು ಸಣ್ಣ ಆಟ ವಿಮರ್ಶೆಗೆ ಬಂತು. ಒಂದು ಊರು, ಊರ ತುಂಬ ನಿಂತುಹೋದ ಗಡಿಯಾರಗಳು. ಶಾಲೆಯದು, ಕ್ಷೌರದಂಗಡಿಯದು, ಆಸ್ಪತ್ರೆಯದು. ಆಡುವವರು ಒಂದೊಂದನ್ನೇ ಬಿಚ್ಚಿ, ಹಲ್ಲುಚಕ್ರ ಒರೆಸಿ, ಎಣ್ಣೆ ಬಿಟ್ಟು ಓಡಿಸಬೇಕು. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಹನ್ನೊಂದನೆಯದು ಓಡಿದ್ದೇ ಪರದೆ ಕಪ್ಪಾಗಿ, ಮಾಡಿದವರ ಮೊದಲನೇ ಹೆಸರು ಬಹಳ ನಿಧಾನವಾಗಿ ಮೇಲೇರತೊಡಗಿತು. ಅವಳು ಅಲ್ಲಿಗೇ ಆರಿಸಿ, ಎದ್ದು ಪಾತ್ರೆ ತೊಳೆಯಲು ಹೋದಳು. ಬಂದು ವಿಮರ್ಶೆ ಬರೆದಳು. ಕೊನೆಯ ಸಾಲು ಹೀಗಿತ್ತು: "ಹನ್ನೊಂದು ಗಡಿಯಾರ ಸರಿಮಾಡಿದೆ. ಯಾರು ನೋಡೋದಕ್ಕೆ?"

ಆ ಮಾತು ಅವಳದ್ದಲ್ಲ, ಅವಳ ಅಮ್ಮನದು. ಮಗಳು ಸೀರೆಗೆ ಇಸ್ತ್ರಿ ಹಾಕಿದರೆ, ಕಪಾಟು ಜೋಡಿಸಿದರೆ, ಕೂದಲಿಗೆ ಬಣ್ಣ ಹಚ್ಚಿದರೆ ಅಮ್ಮ ಮೂಗು ಮುರಿದು ಹೇಳುತ್ತಿದ್ದದ್ದು ಅದನ್ನೇ. ಪೇಪರಿನಲ್ಲಿ ಬಂದದ್ದೇ ಅದು ಎಲ್ಲರ ಬಾಯಿಗೆ ಹತ್ತಿತು. ಯಾವ ಆಟ ಸಪ್ಪೆಯಾದರೂ ಹುಡುಗರು 'ಯಾರು ನೋಡೋದಕ್ಕೆ?' ಅನ್ನತೊಡಗಿದರು. ಅವಳಿಗೆ ಹೆಸರು ತಂದುಕೊಟ್ಟದ್ದು ಆ ಒಂದು ಸಾಲು. ಆಟ ಮಾಡಿದ್ದ ಮೂವರ ಪುಟ್ಟ ಕಂಪನಿ ಅದೇ ವರ್ಷ ಬಾಗಿಲು ಹಾಕಿತು, ಆಟವೂ ಅಂಗಡಿಗಳಿಂದ ಮಾಯವಾಯಿತು.

ಅಷ್ಟಕ್ಕೇ ಮುಗಿದಿದ್ದರೆ ಕಥೆ ಇರುತ್ತಿರಲಿಲ್ಲ. ವರ್ಷದ ಕೊನೆಗೆ ಕೆಟ್ಟ ಆಟಗಳ ಪಟ್ಟಿ ಮಾಡುವಾಗ ಒಂದು ಚಿತ್ರ ಬೇಕಾಗಿ ಅವಳು ಮತ್ತೆ ಅದನ್ನು ಹಾಕಿ ಹನ್ನೊಂದನೇ ಗಡಿಯಾರ ಓಡಿಸಿದಳು. ಮೊದಲನೇ ಹೆಸರು ಏರುತ್ತಿರುವಾಗ ಗ್ಯಾಸಿನವನು ಬಾಗಿಲು ಬಡಿದ. ಸಿಲಿಂಡರು ಇಳಿಸಿಕೊಂಡು ನಾಲ್ಕು ನಿಮಿಷ ಬಿಟ್ಟು ಬಂದು ನೋಡುತ್ತಾಳೆ, ಹೆಸರುಗಳು ಹೋಗಿ ಪರದೆಯಲ್ಲಿ ಬೆಳಗಾಗಿದೆ. ಬೀದಿಯಲ್ಲಿ ಒಂದು ಮನೆಯ ಬಾಗಿಲು ತೆರೆದಿದೆ. ಒಬ್ಬಳು ಮುದುಕಿ ಹೊರಗೆ ಬಂದು, ಹಣೆಗೆ ಕೈ ಅಡ್ಡ ಹಿಡಿದು, ಓಡುತ್ತಿರುವ ಗಡಿಯಾರ ನೋಡುತ್ತಿದ್ದಾಳೆ. ಆಟದ ಇನ್ನರ್ಧ ಅಲ್ಲಿಂದ ಶುರುವಾಗುತ್ತಿತ್ತು.

ಅವಳು ಪಟ್ಟನೆ ಆರಿಸಿಬಿಟ್ಟಳು. ಮುಂದೆ ಏನಿದೆ ಎಂದು ಆಡಿ ನೋಡುವ ಧೈರ್ಯ ಆಗಲಿಲ್ಲ, ತಪ್ಪಾಯಿತೆಂದು ಬರೆಯುವ ಧೈರ್ಯ ಅದಕ್ಕಿಂತ ಮೊದಲೇ ಸತ್ತಿತ್ತು. ಅದರ ಮುಂದಿನ ವಾರದಿಂದ ಹೆಸರು ಎಣಿಸತೊಡಗಿದಳು. ಅಪ್ಪನ ಕಥೆ ಕಟ್ಟಿದ್ದು ಆಮೇಲೆ, ಒಬ್ಬ ರೇಡಿಯೋದವನು ತಟ್ಟನೆ ಕೇಳಿದಾಗ. ಒಂದು ಸಲ ಬಾಯಿಂದ ಬಿದ್ದದ್ದು ಮತ್ತೆ ಒಳಗೆ ಹೋಗಲಿಲ್ಲ.

ಗೇಮ್ ಅಭಿಮಾನಿಗಳ ಸಮಾವೇಶಕ್ಕೆ ಅವಳನ್ನು ವರ್ಷವೂ ಕರೆಯುತ್ತಾರೆ. ಈ ಸಲ ಎರಡು ಗೋಷ್ಠಿ. ಬೆಳಿಗ್ಗೆಯದು 'ವಿಮರ್ಶೆ ಬರೆಯುವುದು ಹೇಗೆ'. ಮಧ್ಯಾಹ್ನದ್ದು 'ಮತ್ತೆ ಬರುತ್ತಿರುವ ಹಳೆಯ ಆಟಗಳು'. ನಾಲ್ಕು ದಿನ ಮುಂಚೆ ಕೈಸೇರಿದ ಪಟ್ಟಿಯಲ್ಲಿ ಮಧ್ಯಾಹ್ನದ ಗೋಷ್ಠಿಗೆ ಅವಳ ಪಕ್ಕದ ಕುರ್ಚಿ ಯಾರದು ಎಂದು ನೋಡಿ ಅವಳಿಗೆ ಊಟ ಸೇರಲಿಲ್ಲ. 'ಹನ್ನೊಂದು ಗಡಿಯಾರ' ಮಾಡಿದ ಮೂವರಲ್ಲಿ ಒಬ್ಬಾತ. ಆ ಆಟ ಮುಂದಿನ ತಿಂಗಳು ಮತ್ತೆ ಬಿಡುಗಡೆಯಾಗುತ್ತಿತ್ತು. ಸಮಾವೇಶ ನಡೆಸುವವರಿಗೆ ತಮಾಷೆ ಬೇಕು, ಇಬ್ಬರನ್ನೂ ಒಟ್ಟಿಗೆ ಕೂರಿಸಿದ್ದರು.

ನಾಲ್ಕು ದಿನ ಅವಳು ಕೊಡೆಗೆ ಚೀಟಿ ಕಟ್ಟುತ್ತಲೇ ಯೋಚಿಸಿದಳು. ಹೇಳಿದರೆ ಕೊನೇತನಕ ಎಂಬ ಹೆಸರು ಮಣ್ಣುಪಾಲು. ಇಷ್ಟು ವರ್ಷದಲ್ಲಿ ಅವಳು ಸಂಪಾದಿಸಿದ್ದು ಅದೊಂದೇ. ಹೇಳದಿದ್ದರೆ ಆ ಮನುಷ್ಯನ ಪಕ್ಕದಲ್ಲಿ ಒಂದು ಗಂಟೆ ನಗುತ್ತಾ ಕೂರಬೇಕು. ಕೊನೆಗೆ ಒಂದು ಮಾತು ಸಿದ್ಧ ಮಾಡಿಕೊಂಡಳು. ಹೇಳುವುದಾದರೆ ಹೀಗೆ: ಮಾಡಿದವರ ಹೆಸರು ಬಂದರೆ ಆಟ ಮುಗಿಯಿತೆಂದು ಯಾರಿಗೂ ಅನ್ನಿಸುತ್ತದೆ, ಆಟವೇ ನನ್ನನ್ನು ಯಾಮಾರಿಸಿತು, ಅದಾದ ಮೇಲೆ ನಾನು ಕಲಿತೆ. ಕೇಳಿದವರು ಕ್ಷಮಿಸುವ ಹಾಗಿತ್ತು. ಮೆಚ್ಚಿದರೂ ಮೆಚ್ಚುತ್ತಿದ್ದರು. ಹೇಳುವುದೋ ಬಿಡುವುದೋ ಎಂಬುದನ್ನು ಮಾತ್ರ ಇನ್ನೂ ತೀರ್ಮಾನಿಸಿರಲಿಲ್ಲ.

ಇದರ ನಡುವೆ ಅಮ್ಮ ನಾನೂ ಬರುತ್ತೇನೆ ಎಂದು ಹಟ ಹಿಡಿದಳು. ಎಪ್ಪತ್ತಮೂರು ವರ್ಷದ ಅಮ್ಮನಿಗೆ ಗೇಮು ಎಂದರೆ ಮಗಳು ಬಟನ್ನು ಒತ್ತುತ್ತಾ ಕೂರುವುದು, ಅಷ್ಟೇ. ಆದರೆ ಪಕ್ಕದ ಮನೆಯಾಕೆ ಪೋಸ್ಟರಿನಲ್ಲಿ ಮಗಳ ಫೋಟೋ ನೋಡಿ ಬಂದು ಹೇಳಿದ್ದಳು. "ಅವಳು ನೋಡಬಹುದು, ನಾನು ನೋಡಬಾರದಾ?" ಎಂದಳು ಅಮ್ಮ.

ಸಮಾವೇಶ ನಡೆಯುವುದು ಒಂದು ವಸ್ತುಪ್ರದರ್ಶನದ ಶೆಡ್ಡಿನಲ್ಲಿ. ಹಿಂದಿನ ವಾರ ಅಲ್ಲಿ ಸ್ನಾನದ ಮನೆಯ ಟೈಲ್ಸು ಮಾರಿದ್ದರು. ಗೋಡೆಯಲ್ಲಿ ಒಂದು ಕೊಳಾಯಿಯ ಚಿತ್ರ ಇನ್ನೂ ಇತ್ತು. ಒಳಗೆ ಕಾಲಿಡಲು ಜಾಗವಿಲ್ಲ. ರಟ್ಟಿನ ಕತ್ತಿ ಹಿಡಿದ ಯೋಧರು, ಹಸಿರು ಬಣ್ಣ ಬಳಿದುಕೊಂಡ ಹುಡುಗಿಯರು. ರೆಕ್ಕೆ ಕಟ್ಟಿಕೊಂಡ ಒಬ್ಬ ಬಾಗಿಲಲ್ಲಿ ಸಿಕ್ಕಿಕೊಂಡಿದ್ದ, ಅವನನ್ನು ಇಬ್ಬರು ಹಿಂದಿನಿಂದ ತಳ್ಳುತ್ತಿದ್ದರು. ಅಮ್ಮ ನಿಂತು ನೋಡಿ, "ಒಂದೊಂದಾಗಿ ಮಡಚ್ಕೊಳಪ್ಪ" ಎಂದು ಸಲಹೆ ಕೊಟ್ಟಳು. ಅವನು ಮಡಚಿಕೊಂಡು ಆಚೆ ಬಂದು ಕೈ ಮುಗಿದ. ಬ್ಯಾಡ್ಜಿನ ಅಂಗಡಿಯಲ್ಲಿ 'ಯಾರು ನೋಡೋದಕ್ಕೆ?' ಎಂದು ಬರೆದ ಬ್ಯಾಡ್ಜುಗಳು ರಾಶಿ ಬಿದ್ದಿದ್ದವು. ಅಮ್ಮ ಒಂದನ್ನು ಕಣ್ಣ ಹತ್ತಿರ ಹಿಡಿದು ಓದಿ, "ಇದು ನನ್ನ ಮಾತಲ್ವೇನೇ?" ಎಂದಳು. ಮಗಳು ಅವಳ ಕೈ ಹಿಡಿದು ಮುಂದಕ್ಕೆ ನಡೆಸಿದಳು.

ಬೆಳಗಿನ ಗೋಷ್ಠಿಯಲ್ಲಿ ಎಲ್ಲ ಸಲೀಸಾಗಿ ನಡೆಯಿತು. ಎಷ್ಟು ಗಂಟೆ ಆಡಬೇಕು, ಅಂಕ ಹೇಗೆ ಕೊಡಬೇಕು, ಆಟದ ಕೊನೆಯಲ್ಲಿ ಏನಿದೆ ಎಂದು ಯಾಕೆ ಬಾಯಿ ಬಿಡಬಾರದು. ಇದೊಂದು ವಿಷಯದಲ್ಲಿ ಆ ಕಸುಬಿನವರು ಬಹಳ ಕಟ್ಟುನಿಟ್ಟು. ಆಡುವವರ ಆಶ್ಚರ್ಯ ಕಸಿಯಬಾರದು. ಕಸಿದವನನ್ನು ಪಂಕ್ತಿಗೇ ಸೇರಿಸುವುದಿಲ್ಲ. ಕೊನೆಗೆ ಹಸಿರು ಮುಖದ ಹುಡುಗಿಯೊಬ್ಬಳು ಎದ್ದು, ಹೆಸರು ಎಣಿಸುವ ಅಭ್ಯಾಸ ಹೇಗೆ ಬಂತು ಮೇಡಂ ಎಂದು ಕೇಳಿದಳು. ಅವಳು ಬಾಯಿ ತೆರೆದಳು, ಅಪ್ಪ ತಾವಾಗಿಯೇ ಹೊರಗೆ ಬಂದರು. ಥಿಯೇಟರು, ಮಷೀನು, ಪಕ್ಕದಲ್ಲಿ ಸಣ್ಣ ಸ್ಟೂಲು. ಸ್ಟೂಲು ಅವತ್ತು ಹೊಸದಾಗಿ ಸೇರಿತು. ಚಪ್ಪಾಳೆಯೋ ಚಪ್ಪಾಳೆ. ಮೊದಲನೇ ಸಾಲಿನಲ್ಲಿ ಅಮ್ಮ ಒಬ್ಬಳೇ ಕೈ ತಟ್ಟದೆ ಕೂತಿದ್ದಳು.

ಊಟಕ್ಕೆ ಶೆಡ್ಡಿನ ಪಕ್ಕದ ಸಿಮೆಂಟು ಕಟ್ಟೆಯ ಮೇಲೆ ಕೂತರು. ಡಬ್ಬಿಯಲ್ಲಿ ಬ್ರೆಡ್ಡು, ಬೇಯಿಸಿದ ಮೊಟ್ಟೆ. ಅಮ್ಮ ಮೊಟ್ಟೆಗೆ ಉಪ್ಪು ಹಾಕುತ್ತಾ ಕೇಳಿದಳು.

"ನಿಮ್ಮಪ್ಪ ಯಾವಾಗ ಸಿನಿಮಾ ಮಷೀನ್ ಓಡಿಸಿದ್ರು?"

"ಅಮ್ಮ, ಮೆತ್ತಗೆ."

"ಮೆತ್ತಗೇ ಕೇಳ್ತಿದೀನಿ. ಟಿಕೆಟ್ ಮಷೀನು ಬಿಟ್ರೆ ಅವರು ಇನ್ಯಾವ ಮಷೀನೂ ಮುಟ್ಟಿದವರಲ್ಲ. ಇನ್ನು ಕೊನೇತನಕ ಕೂರೋದು? ಮದುವೆಯಾಗಿ ಇಪ್ಪತ್ತೈದು ವರ್ಷ ಅವರ ಜೊತೆ ಸಿನಿಮಾ ನೋಡಿದೀನಿ. ಒಂದರದ್ದಾದ್ರೂ ಕೊನೆ ನೋಡಿದೀನಾ? ಬಾಗಿಲಲ್ಲಿ ನೂಕಾಟ ಆಗುತ್ತೆ, ಬಸ್ ತಪ್ಪುತ್ತೆ ಅಂತ ಕಾಲು ಗಂಟೆ ಮುಂಚೆನೇ ಎಬ್ಬಿಸ್ಕೊಂಡು ಬರೋರು. ಎಷ್ಟೋ ಸಿನಿಮಾದಲ್ಲಿ ಹೀರೋ ಬದುಕಿದ್ನೋ ಸತ್ನೋ ನನಗೆ ಇವತ್ತಿಗೂ ಗೊತ್ತಿಲ್ಲ."

ಅದು ನಿಜ. ಅಪ್ಪ ಕಂಡಕ್ಟರು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವರು. ಸಿನಿಮಾ ಬಿಟ್ಟು ಬರುವ ದಾರಿಯಲ್ಲಿ ತಾಯಿ ಮಗಳು ಸೇರಿ ಕೊನೆ ಏನಾಗಿರಬಹುದು ಎಂದು ತಾವೇ ಕಟ್ಟಿಕೊಳ್ಳುತ್ತಿದ್ದರು. ಕೆಲಸದಲ್ಲಿ ಇರುವಾಗಲೇ ಅಪ್ಪ ತೀರಿಕೊಂಡರು, ಡಿಪೋದ ಕಿಟಕಿ ಮಗಳಿಗೆ ಬಂದದ್ದು ಹಾಗೆ.

ಅವಳು ಒಂಬತ್ತು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ಆ ಕಟ್ಟೆಯ ಮೇಲೆ ಹೇಳಿದಳು. ಒಂದು ಆಟವನ್ನು ಕೊನೆಯತನಕ ಆಡದೆ ಬೈದು ಬರೆದೆ. ಮಾಡಿದವರು ಮುಳುಗಿದರು. ಅವರಲ್ಲಿ ಒಬ್ಬ ಈಗ ಮಧ್ಯಾಹ್ನ ನನ್ನ ಪಕ್ಕ ಕೂರುತ್ತಾನೆ. ಕೊನೆಯಲ್ಲಿ ಏನಿತ್ತು ಎಂದು ಮಾತ್ರ ಅಮ್ಮನಿಗೂ ಹೇಳಲಿಲ್ಲ, ಕಸುಬಿನ ಕಟ್ಟುನಿಟ್ಟು ಅಷ್ಟರಮಟ್ಟಿಗೆ ನಾಲಿಗೆಗೆ ಅಂಟಿತ್ತು.

"ಎಷ್ಟು ಜನ ಅವರು?"

"ಮೂರು. ಅಕ್ಕ, ಭಾವ, ತಮ್ಮ. ಬರ್ತಿರೋದು ತಮ್ಮ."

"ಹಾಗಾದ್ರೆ ಹೇಳ್ಬಿಡು."

"ಹೇಳಿದ್ರೆ ನನ್ನ ಹೆಸರು ಏನಾಗುತ್ತೆ ಗೊತ್ತಾ ಅಮ್ಮ?"

ಅಮ್ಮ ಮೊಟ್ಟೆ ನುಂಗಿ ನೀರು ಕುಡಿದಳು. "ಹೇಳದಿದ್ರೆ ನಿಮ್ಮಪ್ಪನ್ನ ಇನ್ನೂ ಎಷ್ಟು ವರ್ಷ ಆ ಥಿಯೇಟರಿನಲ್ಲಿ ಕೂರಿಸ್ತೀಯ? ಪಾಪ, ಅವರಿಗೆ ಕೂತು ಅಭ್ಯಾಸ ಇಲ್ಲ."

ಇಬ್ಬರಿಗೂ ನಗು ಬಂತು. ನಗುತ್ತಲೇ ಅವಳು ತೀರ್ಮಾನ ಮಾಡಿದಳು. ಸಿದ್ಧ ಮಾಡಿಕೊಂಡ ಮಾತು ಹೇಗೂ ಇದೆ, ಹೇಳಿ ಹಗುರಾಗುತ್ತೇನೆ.

ವೇದಿಕೆಯ ಹಿಂದೆ ಪ್ಲೈವುಡ್ಡು ನಿಲ್ಲಿಸಿ ಮಾಡಿದ ಒಂದು ಕೋಣೆ. ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ನೀರಿನ ಕ್ಯಾನು. ಗಡಿಯಾರದವನು ಆಗಲೇ ಬಂದು ಕೂತಿದ್ದ. ನಲವತ್ತರ ಆಸುಪಾಸು, ಮುಂದಲೆ ಖಾಲಿ, ಇಸ್ತ್ರಿ ಮಾಡಿದ ಅಂಗಿಯ ಜೇಬಲ್ಲಿ ಎರಡು ಪೆನ್ನು. ಅವಳನ್ನು ಕಂಡು ಎದ್ದು ನಿಂತ. ಅವಳು ಕೂರಲಿಲ್ಲ.

"ನಿಮಗೆ ಒಂದು ವಿಷಯ ಹೇಳ್ಬೇಕಿತ್ತು" ಎಂದಳು. "ವೇದಿಕೆ ಮೇಲೆ ಹೇಳೋಕೆ ಮುಂಚೆ."

"ನೀವು ಹೆಸರು ಬಂದಾಗ ಎದ್ದುಬಿಟ್ರಿ ಅನ್ನೋದು ತಾನೇ?" ಎಂದ ಆತ. "ಗೊತ್ತು ಮೇಡಂ."

ಅವಳು ಕುರ್ಚಿಗೆ ಕೈ ಊರಿದಳು.

"ಪತ್ರಿಕೆಯವರಿಗೆ ಕಳಿಸಿದ ಕಾಪಿ ಎಲ್ಲಿ ನಿಂತಿತು ಅಂತ ನಮಗೆ ತಿಳಿಯೋ ಹಾಗೆ ಮಾಡಿದ್ವಿ. ನಿಮ್ಮದು ಮೊದಲನೇ ಹೆಸರಿನಲ್ಲಿ ನಿಂತಿತ್ತು. ಅದು ನಮ್ಮಕ್ಕನ ಹೆಸರು. ನನ್ನದು ಮೂರನೇದು."

"ಮತ್ತೆ ಯಾಕೆ ಹೇಳಲಿಲ್ಲ? ಒಂದು ಪತ್ರ ಬರೆದಿದ್ರೆ ಸಾಕಿತ್ತು. ಪೇಪರಿನಲ್ಲಿ ಹಾಕ್ತಿದ್ರು."

"ಏನಂತ ಹಾಕ್ತಿದ್ರು? ಹೆಸರು ಬಂದ ಮೇಲೂ ಆಟ ಇದೆ ಅಂತ." ಆತ ಜೇಬಿನ ಪೆನ್ನು ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿದ. "ಅದೊಂದೇ ಮೇಡಂ ಆ ಆಟದಲ್ಲಿ ಇದ್ದದ್ದು. ಖಾಲಿ ಊರು ನೋಡಿ ನೋಡಿ ಬೇಸತ್ತ ಮೇಲೆ ಆ ಬಾಗಿಲು ತೆಗೀಬೇಕು. ಮುಂಚೆನೇ ಗೊತ್ತಾದವರಿಗೆ ಅದು ಬರೀ ಬಾಗಿಲು. ನಾವು ಮೂರು ಜನ ಅಡುಗೆಮನೆಯಲ್ಲಿ ಕೂತು ಮಾತಾಡಿದ್ವಿ. ಭಾವ ಹೇಳಿಬಿಡೋಣ ಅಂದ್ರು. ಅಕ್ಕ ಬೇಡ ಅಂದ್ಳು. ಗುಟ್ಟು ಉಳೀತು, ಕಂಪನಿ ಹೋಯ್ತು."

"ನಿಮ್ಮಕ್ಕ ಈಗ?"

"ಬಿಸ್ಕತ್ ಪ್ಯಾಕೆಟಿಗೆ ಚಿತ್ರ ಬರೀತಾಳೆ." ಆತನ ಮಾತಿನಲ್ಲಿ ಕಹಿ ಇರಲಿಲ್ಲ, ಇದ್ದಿದ್ದರೆ ಅವಳಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. "ನೀವು ಏನು ಹೇಳ್ಬೇಕು ಅಂತಿದೀರೋ ಹೇಳಿ, ನಾನು ಬೇಡ ಅನ್ನಲ್ಲ. ಆದರೆ ಹೆಸರಿನ ವಿಷಯ ಮಾತ್ರ ಎತ್ತಬೇಡಿ. ಮುಂದಿನ ತಿಂಗಳು ಆಟ ಬರುತ್ತೆ. ಎರಡನೇ ಸಲ ಹಾಳಾದ್ರೆ ಅಕ್ಕ ತಡ್ಕೊಳ್ಳಲ್ಲ."

ಅಷ್ಟರಲ್ಲಿ ಕರೆ ಬಂತು. ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಅವಳಿಗೆ ತನ್ನ ಕೈಯಲ್ಲಿ ಏನು ಉಳಿಯಿತು ಎಂದು ಅರ್ಥವಾಯಿತು. ಸಿದ್ಧ ಮಾಡಿಕೊಂಡ ಮಾತು ಪೂರ್ತಿ ನಿಂತಿದ್ದದ್ದು ಆ ಹೆಸರಿನ ಮೇಲೆ. ಅದನ್ನು ತೆಗೆದರೆ ಉಳಿಯುವುದು ಒಂದೇ: ಕೊನೇತನಕ ಮೇಡಂ ಆಟವನ್ನು ಅರ್ಧಕ್ಕೆ ಬಿಟ್ಟು ಎದ್ದಳು. ಯಾಕೆ ಎಂದು ಕೇಳಿದರೆ ಹೇಳಲಿಕ್ಕೆ ಏನೂ ಇಲ್ಲ. ಸುಮ್ಮನಿದ್ದರೂ ನಡೆಯುತ್ತಿತ್ತು, ಆ ಮನುಷ್ಯ ಒಂಬತ್ತು ವರ್ಷ ಸುಮ್ಮನಿದ್ದವನು, ಇನ್ನೂ ಸುಮ್ಮನಿರುತ್ತಿದ್ದ.

ಶೆಡ್ಡು ತುಂಬಿ ಜನ ಗೋಡೆಗೆ ಒರಗಿ ನಿಂತಿದ್ದರು. ಗೋಷ್ಠಿ ನಡೆಸುವ ನಿರೂಪಕ ಮಾತಿನಮಲ್ಲ. ಮೊದಲ ಐದು ನಿಮಿಷ ಅವರಿವರನ್ನು ನಗಿಸಿ, ಆಮೇಲೆ ಜೇಬಿನಿಂದ ಒಂದು ಬ್ಯಾಡ್ಜು ತೆಗೆದು ಗಡಿಯಾರದವನ ಮುಂದಿಟ್ಟ. "ಯಾರು ನೋಡೋದಕ್ಕೆ?" ಎಂದು ಶೆಡ್ಡಿಗೆ ಶೆಡ್ಡೇ ಕೂಗಿತು. ಆತ ನಕ್ಕ, ಅಂಥ ನಗು ಆತನಿಗೆ ರೂಢಿಯಾದಂತಿತ್ತು. "ಮೇಡಂ," ಎಂದ ನಿರೂಪಕ, "ಒಂಬತ್ತು ವರ್ಷ ಆಯ್ತು. ಆ ಮಾತು ವಾಪಸ್ ತಗೊಳ್ತೀರಾ, ಅಥವಾ ಇವರ ಎದುರಿಗೇ ಇನ್ನೊಂದ್ಸಲ ಹೇಳ್ತೀರಾ?"

ಅವಳು ಮೈಕು ಹತ್ತಿರಕ್ಕೆ ಎಳೆದುಕೊಂಡಳು. ಅಮ್ಮನ ಕಡೆ ನೋಡಲಿಲ್ಲ.

"ವಾಪಸ್ ತಗೊಳ್ತೀನಿ. ಆ ಆಟವನ್ನ ನಾನು ಪೂರ್ತಿ ಆಡಿರಲಿಲ್ಲ. ಮಧ್ಯಕ್ಕೆ ಎದ್ದು ಹೋಗಿ, ಪೂರ್ತಿ ಆಡಿದವಳ ಹಾಗೆ ಬರೆದೆ. ಇವತ್ತಿಗೂ ಪೂರ್ತಿ ಆಡಿಲ್ಲ."

ಯಾರೋ ತಮಾಷೆಯೆಂದು ನಕ್ಕರು. ಒಬ್ಬರೇ ನಕ್ಕದ್ದು ತಿಳಿದು ನಿಲ್ಲಿಸಿದರು.

"ಇನ್ನೊಂದು. ನಮ್ಮಪ್ಪ ಸಿನಿಮಾ ಮಷೀನ್ ಓಡಿಸ್ತಿರಲಿಲ್ಲ. ಬಸ್ ಕಂಡಕ್ಟರ್ ಆಗಿದ್ರು. ಹೆಸರು ಎಣಿಸೋದು ನಾನು ಶುರು ಮಾಡಿದ್ದು ಈ ತಪ್ಪಾದ ಮೇಲೆ."

ಹಸಿರು ಮುಖದ ಹುಡುಗಿ ನಡುವಿನ ಸಾಲಿನಲ್ಲಿ ಎದ್ದು ನಿಂತಳು. ಬೆಳಿಗ್ಗೆ ಕೇಳಿದ ದನಿಯಲ್ಲ ಅದು. "ಯಾಕೆ ಎದ್ರಿ ಮೇಡಂ? ಅಷ್ಟು ಬೋರ್ ಆಗಿತ್ತಾ?"

ಆ ಒಂದು ಕ್ಷಣ ಉತ್ತರ ಅವಳ ನಾಲಿಗೆಯ ತುದಿಗೆ ಬಂದು ನಿಂತಿತ್ತು. ನಾಲ್ಕೇ ಮಾತು. ಹೇಳಿದ್ದರೆ ಅಲ್ಲಿದ್ದ ಎಲ್ಲರೂ ಅಯ್ಯೋ ಪಾಪ ಅನ್ನುತ್ತಿದ್ದರು. ಪಕ್ಕದಲ್ಲಿ ಗಡಿಯಾರದವನು ಮೇಜಿನ ಮೇಲಿನ ಬ್ಯಾಡ್ಜನ್ನೇ ನೋಡುತ್ತಾ ಕೂತಿದ್ದ, ಎರಡೂ ಕೈ ತೊಡೆಯ ಮೇಲೆ.

"ಪಾತ್ರೆ ತೊಳೆಯೋದಿತ್ತು" ಎಂದಳು.

ಈ ಸಲ ಶೆಡ್ಡೆಲ್ಲ ನಕ್ಕಿತು, ಒಳ್ಳೆಯ ನಗುವಲ್ಲ. ಹಿಂದಿನಿಂದ ಒಬ್ಬ "ಕೊನೇತನಕ ಅಲ್ಲ, ಅರ್ಧಕ್ಕೆ ಮೇಡಂ" ಎಂದು ಕೂಗಿದ. ಒಂದು ಬ್ಯಾಡ್ಜು ಬಂದು ವೇದಿಕೆಯ ಅಂಚಿಗೆ ತಗುಲಿ ಬಿತ್ತು. ನಿರೂಪಕ ಹೇಗೋ ಮಾತು ತಿರುಗಿಸಿ ಬೇರೆಯವರ ಕಡೆಗೆ ಹೋದ. ಅವಳಿಗೆ ಬಹಳ ಅವಮಾನವಾಯಿತು, ಎದ್ದು ಹೋಗಬೇಕೆನ್ನಿಸಿತು. ಉಳಿದ ನಲವತ್ತು ನಿಮಿಷ ಅಲ್ಲೇ ಕೂತಿದ್ದಳು. ಗಡಿಯಾರದವನು ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ಅವಳ ಮುಂದೆ ಇಟ್ಟ.

ಬಸ್ಸಿನಲ್ಲಿ ಅಮ್ಮ, "ನಿಮ್ಮಪ್ಪ ಇವತ್ತು ಥಿಯೇಟರಿಂದ ಇಳಿದ್ರು" ಎಂದಳು. ಆಮೇಲೆ ಇಳಿಯುವ ಸ್ಟಾಪಿನತನಕ ಮಗಳ ಕೈ ಬಿಡಲಿಲ್ಲ.

ಆಮೇಲಿನದು ಹೆಚ್ಚೇನಿಲ್ಲ. ಸಂಪಾದಕರು ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ ಎಂದರು. ಎಷ್ಟು ದಿನ ಎಂದು ಅವರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಅರ್ಧಕ್ಕೆ ಮೇಡಂ ಎಂಬ ಹೆಸರು ಕೊನೇತನಕಕ್ಕಿಂತ ಬೇಗ ಹಬ್ಬಿತು. ಡಿಪೋದಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ, ಅವಳು ಅಲ್ಲಿ ಈಗಲೂ ಕೊಡೆ ಅಕ್ಕನೇ. ತಿಂಗಳು ಕಳೆದ ಮೇಲೆ ಅಂಚೆಯಲ್ಲಿ 'ಹನ್ನೊಂದು ಗಡಿಯಾರ'ದ ಹೊಸ ಡಬ್ಬಿ ಬಂತು. ಜೊತೆಗೆ ಕಾಗದವಿರಲಿಲ್ಲ. ಡಬ್ಬಿಯ ಮೂಲೆಯಲ್ಲಿ ಯಾರೋ ಪೆನ್ನಿನಲ್ಲಿ ಒಂದು ಪುಟ್ಟ ಬಾಗಿಲಿನ ಚಿತ್ರ ಬರೆದಿದ್ದರು, ಪಳಗಿದ ಕೈಯಿಂದ. ಗಡಿಯಾರದವನ ಅಕ್ಕ ಇರಬೇಕು. ಅವಳು ಅದನ್ನು ಟೀವಿಯ ಪಕ್ಕ ಇಟ್ಟು ಒಂದು ವಾರ ಅದರ ಧೂಳು ಒರೆಸಿದಳೇ ಹೊರತು ತೆರೆಯಲಿಲ್ಲ.

ಎಂಟನೇ ದಿನ ಪೇಪರಿನ ಕಚೇರಿಯವರು ಡಿಪೋದ ವಿಳಾಸಕ್ಕೆ ತಿರುಗಿಸಿದ ಒಂದು ಕಾರ್ಡು ಬಂತು. "ಮೇಡಂ, ಅವತ್ತು ಬ್ಯಾಡ್ಜು ಎಸೆದದ್ದು ನಾನು. ನಿನ್ನೆ ಆಟ ಮುಗಿಸಿದೆ. ಮೊದಲನೇ ಸಲ ನಾನೂ ಅಲ್ಲೇ ಎದ್ದೆ. ಯಾಕೆ ನೀವು ಹೇಳಲಿಲ್ಲ ಅಂತ ಈಗ ಗೊತ್ತಾಯ್ತು. ನಾನೂ ಯಾರಿಗೂ ಹೇಳ್ತಿಲ್ಲ." ಹೆಸರು ಹಾಕಿರಲಿಲ್ಲ. ಅವಳು ಕಾರ್ಡಿಗೂ ಒಂದು ಚೀಟಿ ಕಟ್ಟಿ, ತಾರೀಖು ಬರೆದು, ಚೀಲಕ್ಕೆ ಹಾಕಿಕೊಂಡಳು.

ಆ ಭಾನುವಾರ ಬೆಳಿಗ್ಗೆ ಡಬ್ಬಿ ತೆರೆದಳು. ಅಮ್ಮ ಪಕ್ಕದಲ್ಲಿ ಬಟಾಣಿ ಸುಲಿಯುತ್ತಾ ಕೂತಳು. ಎರಡು ಭಾನುವಾರ ಬೇಕಾಯಿತು. ಅಮ್ಮನಿಗೆ ಆಟ ತಿಳಿಯದಿದ್ದರೂ ಗಡಿಯಾರ ತಿಳಿಯುತ್ತಿತ್ತು. ಆ ಚಕ್ರ ಅಲ್ಲಲ್ಲ, ಈಚೆದು, ಎನ್ನುತ್ತಿದ್ದಳು. ಹನ್ನೊಂದನೆಯದಕ್ಕೆ ಎಣ್ಣೆ ಬಿಟ್ಟು ಮುಳ್ಳು ಓಡಿದಾಗ ಅಮ್ಮ ನಿಟ್ಟುಸಿರು ಬಿಟ್ಟಳು. "ಎಷ್ಟು ಚೆನ್ನಾಗಿ ಮಾಡಿದೀಯ. ಒಂದು ನರಪಿಳ್ಳೆ ಇಲ್ಲ ಊರಲ್ಲಿ. ಯಾರು ನೋಡೋದಕ್ಕೆ?"

ಪರದೆ ಕಪ್ಪಾಯಿತು. ಮೊದಲನೇ ಹೆಸರು ಕೆಳಗಿನಿಂದ ಮೆಲ್ಲಗೆ ಏರತೊಡಗಿತು. ಅಮ್ಮ ಮಂಡಿಗೆ ಕೈ ಕೊಟ್ಟು ಏಳಲು ಹೊರಟಳು.

"ಮುಗೀತಲ್ಲ. ಪಾತ್ರೆ ಎಲ್ಲ ಹಾಗೇ ಬಿದ್ದಿದಾವೆ."

"ಕೂತ್ಕೊ ಅಮ್ಮ."

"ಇನ್ನೇನಿದೆ?"

"ಕೂತ್ಕೊ."

ಅಕ್ಕನ ಹೆಸರು ಹೋಯಿತು. ಭಾವನ ಹೆಸರು ಬಂದು ಹೋಯಿತು. ಮೂರನೆಯದನ್ನು ಅವಳು ಬಾಯಿಬಿಟ್ಟು ಓದಿದಳು. ಅದೂ ಮೇಲೆ ಹೋಗಿ ಮರೆಯಾಯಿತು. ಅಮ್ಮ ಬಟಾಣಿ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು, ನೂಕಾಟಕ್ಕೆ ಹೆದರುವವರ ಹಾಗೆ ಸೀಟಿನ ತುದಿಯಲ್ಲಿ ಕೂತಿದ್ದಳು. ಪರದೆಯ ಮೇಲೆ ಬೆಳಕು ಹರಿಯಿತು. ಬೀದಿಯಲ್ಲಿ ಒಂದು ಬಾಗಿಲು ತೆರೆಯಿತು, ಮುದುಕಿ ಹೊರಗೆ ಬಂದು ಹಣೆಗೆ ಕೈ ಅಡ್ಡ ಹಿಡಿದಳು.

"ಜನ ಇದ್ದಾರಲ್ಲೇ" ಎಂದಳು ಅಮ್ಮ.

ಮಗಳಿಗೆ ಪರದೆ ಕಾಣಿಸುತ್ತಿರಲಿಲ್ಲ, ಕಣ್ಣು ತುಂಬಿ ಬಂದಿತ್ತು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. ಅಮ್ಮ ತಟ್ಟೆಯನ್ನು ನೆಲದ ಮೇಲಿಟ್ಟು, ಹಿಂದಕ್ಕೆ ಸರಿದು, ಬೆನ್ನು ಒರಗಿಸಿ ಕೂತಳು.

"ಆಮೇಲೆ ತೊಳೆದ್ರಾಯ್ತು" ಎಂದಳು. "ಮುಂದೆ ಏನಾಗುತ್ತೆ ನೋಡೋಣ."